ಅರಸನ ಮನೆಯಲ್ಲಿ ಊರಿನವರ ಕಲ್ಲು

ಉತ್ತರ ಕನ್ನಡದಲ್ಲಿ ಅರಸರಿಗೆ ಬರ ಇರಲಿಲ್ಲ. ಬನವಾಸಿಯಲ್ಲಿ ಕದಂಬರು ಆಳಿದರು. ಸೋದೆಯಲ್ಲಿ ನಾಯಕರು ಆಳಿದರು. ಸಿದ್ದಾಪುರದ ಹತ್ತಿರ ಬಿಳಗಿಯಲ್ಲಿ ಒಂದು ಮನೆತನ, ಭಟ್ಕಳದ ಕಡೆ ಹಾಡುವಳ್ಳಿಯಲ್ಲಿ ಇನ್ನೊಂದು, ಶರಾವತಿ ದಂಡೆಯ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ. ಇಷ್ಟೆಲ್ಲ ಇದ್ದೂ, ಮಕ್ಕಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ "ಇದು ಅರಸರು ಇದ್ದ ಮನೆ" ಅಂತ ತೋರಿಸೋಣ ಅಂದರೆ ಅಂಥ ಅರಮನೆ ನಮ್ಮಲ್ಲಿ ಉಳಿದಿಲ್ಲ. ಬಾವಿ ಇದೆ, ಬಸದಿ ಇದೆ, ದೇವಸ್ಥಾನ ಇದೆ, ಚಿರೇಕಲ್ಲಿನ ಕೋಟೆ ಗೋಡೆ ಇದೆ. ಮಿರ್ಜಾನ್ ಕೋಟೆ ಮಳೆಗಾಲದಲ್ಲಿ ಹಸಿರು ಹೊದ್ದು ನಿಲ್ಲುವುದನ್ನು ನೋಡಿಯೇ ತಿಳಿಯಬೇಕು. ಆದರೆ ಅರಸರು ಉಂಡು, ಮಲಗಿ, ಜಗಳ ಆಡಿ, ಮಕ್ಕಳನ್ನು ಬೆಳೆಸಿದ ಮನೆ ಮಾತ್ರ ಇಲ್ಲ.

ಹಾಗಾಗಿ ಶಿರಸಿ ಸೀಮೆಯ ನಮಗೆ ಕೈಗೆಟುಕುವ ಅರಮನೆ ಅಂದರೆ ಶಿವಮೊಗ್ಗದ್ದು. ತುಂಗೆಯ ಪಕ್ಕ, ಕೋಟೆ ಆಂಜನೇಯ ದೇವಸ್ಥಾನದ ಆಸುಪಾಸಿನಲ್ಲಿರುವ ಶಿವಪ್ಪ ನಾಯಕನ ಅರಮನೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸಿದ್ದಾಪುರ, ತಾಳಗುಪ್ಪ, ಸಾಗರ, ಆನಂದಪುರ ದಾಟಿಕೊಂಡು ಹೋದರೆ ಒಂದೇ ದಿನಕ್ಕೆ ನೋಡಿ ಬರಬಹುದು. ದಾರಿಯಲ್ಲೇ ಇಕ್ಕೇರಿ, ಕೆಳದಿ ಎರಡೂ ಸಿಗುತ್ತವೆ. ನಾನು ಈ ಸಲ ಹೋಗುವಾಗ ಆಯಿಯನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಮಾಣಿಗೆ ರಾಜರ ಕತೆಯ ಹುಚ್ಚು. ಆಯಿಗೆ ಹಳೆಯ ಮನೆ, ಹಳೆಯ ಮರಗೆಲಸ ಅಂದರೆ ಪ್ರೀತಿ.

ದೊಡ್ಡ ಅರಮನೆ ಅಂತ ಮೈಸೂರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇಲ್ಲಿ ನಿರಾಸೆ ಆಗುತ್ತದೆ. ಗುಮ್ಮಟ ಇಲ್ಲ, ಬಣ್ಣದ ಗಾಜು ಇಲ್ಲ, ಚಿನ್ನದ ಅಂಬಾರಿ ಇಲ್ಲ. ಎರಡು ಅಂತಸ್ತು, ಹೆಂಚಿನ ಮಾಡು, ನಡುವೆ ಎತ್ತರದ ಒಂದು ಸಭಾಂಗಣ, ಸುತ್ತ ಉಪ್ಪರಿಗೆ. ಇಡೀ ಮನೆಯನ್ನು ಹೊತ್ತು ನಿಂತಿರುವುದು ಮರದ ಕಂಬಗಳು. ಒಂದೊಂದು ಕಂಬವೂ ಅಪ್ಪಿದರೆ ಕೈಗೆ ಕೈ ಸಿಗದಷ್ಟು ದಪ್ಪ. ಕಂಬದಿಂದ ಕಂಬಕ್ಕೆ ಕೆತ್ತನೆಯ ಮರದ ಕಮಾನು.

ಆಯಿ ಒಂದು ಕಂಬದ ಹತ್ತಿರ ನಿಂತು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಮಾ, ನಮ್ಮನೆ ಮುಂಡಿಗೆಗೂ ಇದಕ್ಕೂ ಎಂತಾ ವ್ಯತ್ಯಾಸ ಇದ್ದು? ಇದು ದೊಡ್ಡದು, ಅಷ್ಟೇಯ" ಅಂದರು.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಅದು ನಿಜ. ಮಲೆನಾಡಿನ ಹಳೆಯ ಮನೆಯನ್ನು ಕಟ್ಟುವ ಲೆಕ್ಕವೇ ಇಲ್ಲಿಯೂ ಇದೆ. ಕಲ್ಲಿನ ಕುಂಬಿಯ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಅದರ ಮೇಲೆ ಅಟ್ಟದ ಹಲಗೆ. ಜೋರು ಮಳೆಗೆ ತಕ್ಕ ಇಳಿಜಾರು ಮಾಡು. ಇದನ್ನು ಕಟ್ಟಿದವರು ಹೊರದೇಶದಿಂದ ಬಂದವರಲ್ಲ. ಇದೇ ಕಾಡಿನ ಮರ, ಇದೇ ಸೀಮೆಯ ಬಡಗಿಗಳ ಕೈ. ದೊಡ್ಡ ಮರ ಕಡಿಸಿ ಸಾಗಿಸುವ ತಾಕತ್ತು ಒಬ್ಬನಿಗಿತ್ತು, ಅವನು ಅರಸ. ಉಳಿದವರಿಗೆ ಸಣ್ಣ ಮರ.

ಹೆಸರು ಶಿವಪ್ಪ ನಾಯಕನದಾದರೂ ಈಗ ನಿಂತಿರುವ ಕಟ್ಟಡ ಹೈದರನ ಕಾಲದ್ದು, 18ನೇ ಶತಮಾನದ್ದು ಎಂಬ ಮಾತೂ ಇದೆ. ನನಗೆ ಅದರಿಂದ ಬೇಸರ ಏನಿಲ್ಲ. ಕೆಳದಿ ಅರಸು ಮನೆತನದ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನ ರಾಜಧಾನಿ ಇದ್ದದ್ದು ಬಿದನೂರಿನಲ್ಲಿ, ಅಂದರೆ ಇವತ್ತಿನ ಹೊಸನಗರ ತಾಲೂಕಿನ ನಗರದಲ್ಲಿ. ಕೆಳದಿಯವರು ಮೊದಲು ಕೆಳದಿಯಲ್ಲಿದ್ದರು, ಆಮೇಲೆ ಇಕ್ಕೇರಿಗೆ ಬಂದರು, ಕೊನೆಗೆ ಬಿದನೂರಿಗೆ ಹೋದರು. ಮೂರು ಕಡೆಯೂ ಈಗ ಅರಮನೆ ಇಲ್ಲ. ಮೂರು ಕಡೆಯೂ ಅವರ ಕಾಲದ ದೇವಸ್ಥಾನ ಇದೆ. ಇಕ್ಕೇರಿಯ ಅಘೋರೇಶ್ವರನ ಗುಡಿ ಮೊನ್ನೆ ಕಟ್ಟಿದ ಹಾಗೆ ಗಟ್ಟಿಯಾಗಿ ನಿಂತಿದೆ. ಅದರ ಸುತ್ತ ಇದ್ದ ರಾಜಧಾನಿ ಎಲ್ಲಿ ಹೋಯಿತು ಅಂತ ಕೇಳಿದರೆ ಗದ್ದೆ, ತೋಟ ತೋರಿಸಬೇಕು.

ಕಾರಣ ಸರಳ. ದೇವರಿಗೆ ಕಲ್ಲು, ಮನುಷ್ಯರಿಗೆ ಮರ ಮತ್ತು ಮಣ್ಣು. ಅರಸನೂ ಮನುಷ್ಯನೇ. ಹಂಪಿಯಲ್ಲೂ ಹೀಗೇ ಅಲ್ವಾ? ವಿರೂಪಾಕ್ಷನ ಗುಡಿ, ವಿಠಲನ ಗುಡಿ ನಿಂತಿವೆ. ವಿಜಯನಗರದ ಚಕ್ರವರ್ತಿಗಳು ಮಲಗಿದ ಮನೆಯ ತಳಪಾಯದ ಕಲ್ಲು ಮಾತ್ರ ಉಳಿದಿದೆ. ಮೇಲಿನ ಮರ ಸುಟ್ಟೋ ಕೊಳೆತೋ ಹೋಯಿತು. ಮೈಸೂರಿನ ಹಳೆಯ ಅರಮನೆಯೂ ಮರದ್ದೇ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಹೋಯಿತು. ಈಗ ಜನ ನೋಡುವುದು ಅದಾದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದನ್ನು.

ಹಾಗಂತ ಮರ ಉಳಿಯುವುದೇ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಶಿರಸಿಯ ಮಾರಿಕಾಂಬೆಯ ಮೂರ್ತಿ ಮರದ್ದು. ಸೋದೆ ಅರಸರ ಕಾಲದಿಂದ ಗುಡಿಯಲ್ಲಿದ್ದಾಳೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬರುತ್ತದೆ. ಜಾತ್ರೆಗೆ ಮುಂಚೆ ಅವಳಿಗೆ ಹೊಸ ಬಣ್ಣ ಏರುತ್ತದೆ, ಕೆಲಸ ಗೊತ್ತಿದ್ದ ಕೈಗಳು ಅವಳನ್ನು ಮುಟ್ಟುತ್ತವೆ. ಮರವನ್ನು ಉಳಿಸುವುದು ಈ ಬಳಕೆ, ಈ ಆರೈಕೆ. ಅರಸು ಮನೆತನ ಊರು ಬಿಟ್ಟ ದಿನವೇ ಅರಮನೆಯ ಮಾಡಿಗೆ ಹೆಂಚು ಹೊದೆಸುವವರು ಇಲ್ಲವಾಗುತ್ತಾರೆ. ಒಂದು ಮಳೆಗಾಲಕ್ಕೆ ಸೋರುತ್ತದೆ, ಮತ್ತೊಂದಕ್ಕೆ ತೊಲೆ ಕುಂಬಾಗುತ್ತದೆ, ಆಮೇಲೆ ಗೆದ್ದಲು. ನಮ್ಮ ಮಳೆಗೆ ಬೀಗ ಹಾಕಿದ ಮನೆ ಎಷ್ಟು ವರ್ಷ ನಿಲ್ಲುತ್ತದೆ ಅಂತ ಘಟ್ಟದ ಮೇಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಶಿವಮೊಗ್ಗದ ಈ ಮನೆ ನಿಂತಿರುವುದು ಅದಕ್ಕೆ ಮತ್ತೆ ಒಂದು ಕೆಲಸ ಸಿಕ್ಕಿದ್ದರಿಂದ. ಬಾಗಿಲು ತೆಗೆಯುವವರಿದ್ದಾರೆ, ಗುಡಿಸುವವರಿದ್ದಾರೆ, ನೋಡಲು ಬರುವವರಿದ್ದಾರೆ.

ಹಾಗಾದರೆ ಈಗ ಆ ಮನೆಯಲ್ಲಿ ಇರುವವರು ಯಾರು?

ಮಾಣಿ ಒಳಗೆ ಒಂದು ಸುತ್ತು ಹಾಕಿ ಬಂದು, "ಮಾವಾ, ರಾಜನ ಸಿಂಹಾಸನ ಎಲ್ಲಿದ್ದು?" ಅಂತ ಕೇಳಿದ. ಸಿಂಹಾಸನ ಇಲ್ಲ ಅಂದೆ. ಕಿರೀಟ ಇಲ್ಲ, ಪಲ್ಲಕ್ಕಿ ಇಲ್ಲ. ಅವನ ಮುಖ ಬಾಡಿತು. ನಾನು ಅವನನ್ನು ಹೊರಗೆ ಕರೆದುಕೊಂಡು ಹೋದೆ. ನೋಡಬೇಕಾದ್ದು ಅಂಗಳದಲ್ಲಿತ್ತು.

ಅಂಗಳದ ಹುಲ್ಲಿನ ಮೇಲೆ ಸಾಲಾಗಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ದೇವರ ಮೂರ್ತಿಗಳಿವೆ, ಶಾಸನಗಳಿವೆ. ಜೊತೆಗೆ ವೀರಗಲ್ಲುಗಳು, ಮಾಸ್ತಿಕಲ್ಲುಗಳು. ಶಿವಮೊಗ್ಗ ಸೀಮೆಯ ಊರುಗಳ ಕೆರೆ ದಂಡೆ, ಗದ್ದೆ ಬದು, ಹಾಳು ಗುಡಿಗಳಲ್ಲಿ ನಿಂತಿದ್ದಂಥ ಕಲ್ಲುಗಳು ಇವು. ಬಂದವರಲ್ಲಿ ಹೆಚ್ಚಿನವರು ಇವುಗಳ ಪಕ್ಕದಲ್ಲೇ ನಡೆದು ಅರಮನೆಯ ಒಳಗೆ ಹೋಗುತ್ತಾರೆ, ಉಪ್ಪರಿಗೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ವಾಪಸ್ ಹೋಗುತ್ತಾರೆ. ನನಗೆ ಮಾತ್ರ ಅಂಗಳದಿಂದ ಕಾಲು ಕೀಳಲು ಮನಸ್ಸೇ ಬರಲಿಲ್ಲ.

ಒಂದು ಕಲ್ಲಿನ ಮುಂದೆ ಮೂವರೂ ಕೂತೆವು. ಅಕ್ಷರ ಇಲ್ಲದ ಕಲ್ಲು. ಮೂರು ಪಟ್ಟಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಒಬ್ಬ ಬಿಲ್ಲು ಎಳೆದು ನಿಂತಿದ್ದಾನೆ. ಒಂದು ಮಂಡಿ ಬಗ್ಗಿದೆ. ಎದುರಿನಿಂದ ಕತ್ತಿ, ಗುರಾಣಿ ಹಿಡಿದವರು ಬರುತ್ತಿದ್ದಾರೆ. ಅವನ ಬೆನ್ನ ಹಿಂದೆ ದನಗಳು. ಕಲ್ಲಿನಲ್ಲಿ ಜಾಗ ಸಾಲದೆ ಶಿಲ್ಪಿ ಅವನ್ನು ಒಂದರ ಮೇಲೊಂದು ಜೋಡಿಸಿದ್ದಾನೆ. ಮೇಲಿನ ದನ ಕತ್ತು ತಿರುಗಿಸಿ ಹಿಂದೆ ನೋಡುತ್ತಿದೆ. ನಡುವಿನ ಪಟ್ಟಿಯಲ್ಲಿ ಅದೇ ಮನುಷ್ಯ ಸತ್ತಿದ್ದಾನೆ. ಎರಡೂ ಕಡೆಯಿಂದ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಕೈಲಾಸದಲ್ಲಿ ಕಾಲು ಮಡಚಿ ಕೈ ಮುಗಿದು ಕೂತಿದ್ದಾನೆ. ಎದುರಿಗೆ ಲಿಂಗ, ಪೂಜೆ ಮಾಡುವವನು, ಒಂದು ಪುಟ್ಟ ನಂದಿ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವವರೆಗೆ ಇವನ ಹೆಸರು ಇರಲಿ ಅಂತ.

ಹತ್ತಿರ ಹೋಗಿ ನೋಡಿದರೆ ಕೆಳಗಿನ ಪಟ್ಟಿಯಲ್ಲಿ ಅವನ ಮುಖ ಸವೆದು ನುಣ್ಣಗಾಗಿದೆ. ಕಣ್ಣು, ಮೂಗು ಏನೂ ಇಲ್ಲ. ಆದರೆ ಬಿಲ್ಲಿನ ಹೆದೆ ಎಳೆದ ಕೈಯ ಬೆರಳುಗಳು ಹಾಗೇ ಉಳಿದಿವೆ. ಮಾಣಿ ಆ ಬೆರಳು ಎಣಿಸಿದ.

ಆಯಿ ದನಗಳನ್ನೇ ನೋಡುತ್ತಿದ್ದರು. "ದನದ ಸಲುವಾಗಿ ಜೀವ ಕೊಟ್ಟಿದ್ನ ಇಂವ?" ಅಂದರು. ಹೌದು ಅಂದೆ. ಇಂಥ ಕಲ್ಲುಗಳಲ್ಲಿ ಜಾಸ್ತಿ ಸಿಗುವ ಸಾವು ಅದೇ. ಹಳೆಯ ಶಾಸನಗಳಲ್ಲಿ ತುರುಗೊಳ್ ಅನ್ನುವುದು ಇದನ್ನೇ. ಪಕ್ಕದ ಸೀಮೆಯವರು ಬಂದು ಊರ ದನ ಹೊಡೆದುಕೊಂಡು ಹೋಗುತ್ತಾರೆ, ಊರಿನವನೊಬ್ಬ ಬೆನ್ನಟ್ಟುತ್ತಾನೆ, ದನ ತಿರುಗಿಸಿ ತಂದು ಸಾಯುತ್ತಾನೆ. ಊರಿಗೇ ಬೆಂಕಿ ಬಿದ್ದಾಗ ನಿಂತು ಸತ್ತವರಿದ್ದಾರೆ. ಹೆಂಗಸರ ಮಾನ ಕಾಯಲು ಹೋಗಿ ಸತ್ತವರಿದ್ದಾರೆ. ಹಂದಿಯ ಜೊತೆ, ಹುಲಿಯ ಜೊತೆ ಹೋರಾಡಿ ಸತ್ತವರೂ ಇದ್ದಾರೆ. ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿನಲ್ಲಂತೂ ಕಾಳಿ ಅನ್ನುವ ಬೇಟೆನಾಯಿ ಹಂದಿಯೊಡನೆ ಕಾದಾಡಿ ಸತ್ತದ್ದನ್ನು ಬರೆಸಿದ್ದಾರೆ. ಅದು 10ನೇ ಶತಮಾನದ ಕಲ್ಲು. ನಾಯಿಯನ್ನೂ ಹೆಸರು ಹಿಡಿದು ನೆನೆದ ಜನ ನಮ್ಮ ಹಿರಿಯರು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಎದೆ ತುಂಬಿ ಬರುತ್ತದೆ.

ವೀರಗಲ್ಲುಗಳ ಮೇಲೆ ಒಂದು ಶ್ಲೋಕ ಮತ್ತೆ ಮತ್ತೆ ಬರುತ್ತದೆ. "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ" ಅಂತ. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ. ಕ್ಷಣದಲ್ಲಿ ಹೋಗುವ ದೇಹ ಇದು, ಯುದ್ಧದಲ್ಲಿ ಸಾಯುವುದಕ್ಕೆ ಯಾಕೆ ಚಿಂತೆ ಅಂತ ಮುಂದಿನ ಸಾಲು. ಇದನ್ನು ಬರೆಸಿದವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸು ಹೋಗುವುದು ಆ ಶ್ಲೋಕದ ಕಡೆಗಲ್ಲ, ಆ ದನಗಳ ಕಡೆಗೆ. ಸ್ವರ್ಗಕ್ಕೆ ಆಸೆಪಟ್ಟು ಅವನು ಓಡಿರಲಾರ. ಕೊಟ್ಟಿಗೆ ಖಾಲಿ ಆದರೆ ಮನೆಯಲ್ಲಿ ಹಾಲಿಲ್ಲ, ಗದ್ದೆಗೆ ಗೊಬ್ಬರ ಇಲ್ಲ, ಮುಂದಿನ ಮಳೆಗೆ ಹೂಡಲು ಎತ್ತಿಲ್ಲ. ಅದಕ್ಕೇ ಓಡಿದ್ದಾನೆ.

ಪಕ್ಕದ ಮಾಸ್ತಿಕಲ್ಲನ್ನು ಮಾಣಿಗೆ ವಿವರಿಸುವುದು ಕಷ್ಟವಾಯಿತು. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು. ಮೊಣಕೈಯಲ್ಲಿ ಬಗ್ಗಿ ಮೇಲೆತ್ತಿದ ಕೈ. ಕೈ ತುಂಬ ಬಳೆ. ಗಂಡ ಸತ್ತ ಮೇಲೆ ಚಿತೆ ಏರಿದವಳ ಗುರುತು ಇದು. ಅವಳ ಮುಖವನ್ನು ಕೆತ್ತಿಲ್ಲ. ಬಳೆಯ ಕೈ ಮಾತ್ರ. ಆಯಿ ಆ ಕಲ್ಲಿನ ಮುಂದೆ ಮಾತಾಡಲಿಲ್ಲ. ಅದನ್ನು ಪೂಜಿಸುವವರನ್ನು ನಾನು ನೋಡಿದ್ದೇನೆ. ನನಗೆ ಅದರ ಮುಂದೆ ಕೈ ಮುಗಿಯಲು ಆಗುವುದಿಲ್ಲ, ಅದನ್ನು ಒಡೆದು ಹಾಕಿ ಅನ್ನಲೂ ಆಗುವುದಿಲ್ಲ. ಅವಳು ಬದುಕಿದ್ದಳು ಅನ್ನುವುದಕ್ಕೆ ಉಳಿದಿರುವ ಗುರುತು ಅದೊಂದೇ. ಅದು ಇರಬೇಕು, ನಡೆದದ್ದು ಏನು ಅಂತ ಪಕ್ಕದಲ್ಲಿ ನೇರವಾಗಿ ಬರೆದಿಡಬೇಕು, ಮಕ್ಕಳು ಓದಬೇಕು.

ಅರಸ ಹೋದ ಮನೆಗೆ ಈ ಜನ ಬಂದಿದ್ದಾರೆ. ಬದುಕಿದ್ದಾಗ ಆ ಬಿಲ್ಲುಗಾರನನ್ನು ಯಾವ ಅರಮನೆಯ ಹೆಬ್ಬಾಗಿಲಿನ ಕಾವಲುಗಾರರೂ ಒಳಗೆ ಬಿಡುತ್ತಿರಲಿಲ್ಲ. ಈಗ ಅವನು ಅಂಗಳದಲ್ಲಿ ನಿಂತಿದ್ದಾನೆ, ಟಿಕೆಟ್ ತೆಗೆದುಕೊಂಡು ಬಂದು ಜನ ಅವನನ್ನು ನೋಡುತ್ತಾರೆ. ಅರಮನೆಗಳನ್ನು ಸಂಗ್ರಹಾಲಯ ಮಾಡುವುದು ಸರಿಯೋ ತಪ್ಪೋ ಅಂತ ಕೆಲವರು ಚರ್ಚೆ ಮಾಡುತ್ತಾರೆ. ಮಂಚ, ಕುರ್ಚಿ, ಕತ್ತಿಗಳನ್ನು ಗಾಜಿನ ಹಿಂದೆ ಇಟ್ಟು ಅರಸರ ವೈಭವವನ್ನೇ ತೋರಿಸುವುದಾದರೆ ನನಗೂ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಶಿವಮೊಗ್ಗದಲ್ಲಿ ಆಗಿರುವುದು ನನಗೆ ಹಿಡಿಸಿತು. ಆ ಮನೆಯನ್ನು ಕಟ್ಟಲು ದುಡಿದವರ, ತೆರಿಗೆ ಕೊಟ್ಟವರ ಹಿರಿಯರು ಅಲ್ಲಿದ್ದಾರೆ.

ತೆರಿಗೆ ಅಂದೆ. ಶಿವಪ್ಪ ನಾಯಕನನ್ನು ಮಲೆನಾಡು ಇವತ್ತಿಗೂ ನೆನೆಯುವುದು ಅವನ ಯುದ್ಧಗಳಿಗಿಂತ ಜಾಸ್ತಿ ಅವನ ಶಿಸ್ತಿಗೆ. ಶಿಸ್ತು ಅಂದರೆ ಅವನು ಗೊತ್ತು ಮಾಡಿದ ಭೂಕಂದಾಯ. ಮಣ್ಣಿನ ಗುಣ ನೋಡಿ ಗದ್ದೆಗಳನ್ನು ಐದು ತರ ಮಾಡಿದ. ಕೆಲವು ವರ್ಷ ಬೆಳೆ ಎಷ್ಟು ಬರುತ್ತದೆ ಅಂತ ಅಳೆದು ನೋಡಿಸಿದ. ಆಮೇಲೆ ಬೆಳೆಯಲ್ಲಿ ಮೂರನೇ ಒಂದು ಪಾಲು ಅರಮನೆಗೆ ಅಂತ ನಿಗದಿ ಮಾಡಿದ. ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕ. ಮೂರನೇ ಒಂದು ಪಾಲು ಕಡಿಮೆ ಅಲ್ಲ. ಆದರೂ ಜನ ಅದನ್ನು ಒಳ್ಳೆಯ ಮಾತಿನಲ್ಲೇ ನೆನೆದದ್ದು, ಕೇಳುವುದು ಎಷ್ಟು ಅಂತ ಮೊದಲೇ ಗೊತ್ತಿತ್ತು ಅನ್ನುವ ಕಾರಣಕ್ಕೆ ಇರಬೇಕು. ತೋಟ ಇರುವವರಿಗೆ ಇದು ಬೇಗ ತಿಳಿಯುತ್ತದೆ. ಅಡಿಕೆ ದರ ಏರಿದರೂ ಇಳಿದರೂ ತಡೆದುಕೊಳ್ಳಬಹುದು, ನಾಳೆ ಏನು ಅಂತ ಗೊತ್ತಿಲ್ಲದಿರುವುದನ್ನು ತಡೆದುಕೊಳ್ಳುವುದು ಕಷ್ಟ.

ಹಾಗಾಗಿ ಆ ದಪ್ಪ ಕಂಬಗಳನ್ನು ನೋಡುವಾಗ ನನಗೆ ಕಂಡದ್ದು ಅಡಿಕೆ ಮತ್ತು ಕಾಳುಮೆಣಸು. ಘಟ್ಟದ ಮೇಲೆ ಕೆಳಗೆ ಇದ್ದ ಅರಸುಗಳೆಲ್ಲ ನಿಂತಿದ್ದು ಇವುಗಳ ಮೇಲೆ. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. 16ನೇ ಶತಮಾನದ ನಡುವಿನಿಂದ 50 ವರ್ಷಕ್ಕೂ ಹೆಚ್ಚು ಕಾಲ ಆಳಿದವಳು ಅವಳು. ಅವಳ ರಾಜ್ಯವನ್ನು ಮುಗಿಸಿದ್ದು ಹೊರಗಿನವರಲ್ಲ, ಇದೇ ಕೆಳದಿಯ ವೆಂಕಟಪ್ಪ ನಾಯಕ. ಮೆಣಸು ಬೆಳೆಯುವ ಕಣಿವೆ ಯಾರ ಕೈಯಲ್ಲಿರಬೇಕು ಅನ್ನುವುದೇ ಆ ಜಗಳದ ಬೇರು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ ಗೋವಾದಿಂದ ಹೊನ್ನಾವರಕ್ಕೆ ಬಂದ. ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟಿದ್ದವನು. ಶರಾವತಿಯಲ್ಲಿ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ ಅಲ್ಲಿಂದ ಘಟ್ಟ ಹತ್ತಿದ. ಆ ನದಿಯ ಚೆಲುವನ್ನು ಬಾಯಿ ತುಂಬ ಹೊಗಳಿದ್ದಾನೆ. ಗೇರುಸೊಪ್ಪೆ ಹಿಂದೆ ದೊಡ್ಡ ಪಟ್ಟಣವಾಗಿತ್ತು, ರಾಣಿಯ ಅರಮನೆ ಬಿದ್ದು ಹೋಗಿ ಅದರ ಮೇಲೆ ಮರ ಬೆಳೆದಿದೆ, ಈಗ ರೈತರ ಗುಡಿಸಲು ಬಿಟ್ಟರೆ ಏನೂ ಇಲ್ಲ ಅಂತ ಬರೆದಿದ್ದಾನೆ. ರಾಣಿ ಸೋತು ಇನ್ನೂ 20 ವರ್ಷ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆಯೊಳಗೆ ಕಾಡು ಬಂದಿತ್ತು. ಆದರೆ ಕಲ್ಲಿನ ಚತುರ್ಮುಖ ಬಸದಿ ಇವತ್ತಿಗೂ ನಗರಬಸ್ತಿಕೇರಿಯಲ್ಲಿ ನಿಂತಿದೆ.

ಸೋದೆಯದ್ದು ಇನ್ನೂ ಹತ್ತಿರದ ನೋವು. ಶಿರಸಿಯವರಿಗೆ ಸೋದೆ ಅಂದರೆ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ. ಅರಸಪ್ಪ ನಾಯಕನಿಂದ ಹಿಡಿದು 200 ವರ್ಷ ಅಲ್ಲಿ ಅರಸರಿದ್ದರು. ಅವರಲ್ಲಿ ಸದಾಶಿವರಾಯ ಕನ್ನಡದಲ್ಲಿ ಕವಿತೆ ಬರೆದವನು. ಅವನ ಹೆಸರಿನಲ್ಲೇ ಅವನ ಮಗ ಕಾರವಾರದ ಕಾಳಿ ನದಿಯ ದಂಡೆಯಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದ. ಇವತ್ತು ಸೇತುವೆ ದಾಟಿ ಗೋವಾಕ್ಕೆ ಹೋಗುವ ಸಾವಿರಾರು ಜನ ಆ ಗುಡ್ಡದ ಬುಡದಲ್ಲೇ ಹೋಗುತ್ತಾರೆ. 1763ರಲ್ಲಿ ಹೈದರ್ ಬಿದನೂರನ್ನು ಹಿಡಿದ. ಅದರ ಬೆನ್ನಿಗೇ ಸೋದೆಯೂ ಬಿತ್ತು. ಅರಸ ಮನೆಮಂದಿಯನ್ನು ಕಟ್ಟಿಕೊಂಡು ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಸರೆ ಪಡೆದ. ಫೋಂಡಾದ ಹತ್ತಿರ ಬಾಂದೋಡೆಯಲ್ಲಿ ಆ ಮನೆತನ ನೆಲೆ ನಿಂತಿತು. ಸೋದೆಯ ಅರಮನೆ ಅನಾಥವಾಯಿತು.

ಸೋದೆಯ ಕೋಟೆ ಜಾಗಕ್ಕೆ ಹೋದರೆ ಈಗ ಗೋಡೆಯ ಅವಶೇಷ ಸಿಗುತ್ತದೆ. ಅಲ್ಲಿ ನೋಡಲೇಬೇಕಾದ್ದು ಒಂದು ಕಪ್ಪು ಕಲ್ಲಿನ ಚಪ್ಪಡಿ. ಉದ್ದ ಅಗಲ ಎರಡೂ ಸುಮಾರು 12 ಅಡಿ. ಐದು ಗಿಡ್ಡ ಕಂಬಗಳ ಮೇಲೆ ಅದನ್ನು ಕೂರಿಸಿದ್ದಾರೆ. ಕಂಬಗಳಿಗೆ ತುಂಬ ಚೆಂದದ ಕೆತ್ತನೆ. ಸೋದೆ ಅರಸರ ಸಿಂಹಾಸನ ಅದು ಅಂತ ಜನ ಹೇಳುತ್ತಾರೆ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಇರುವ ಕಲ್ಲಿನ ಮಂಚವೂ ಸೋದೆ ಅರಸರು ಕೊಟ್ಟದ್ದು. ನಾಲ್ಕು ಕಂಬ, ಮೇಲೆ ಛಾವಣಿ, ಎಲ್ಲೆಲ್ಲೂ ಕೆತ್ತನೆ. ಅರಸ ತಾನು ಮಲಗಿದ ಮರದ ಮಂಚ ಮಣ್ಣಾಗಿದೆ. ದೇವರಿಗೆ ಅಂತ ಮಾಡಿಸಿದ ಕಲ್ಲಿನ ಮಂಚ ಹಾಗೇ ಇದೆ, ಬಂದವರೆಲ್ಲ ನೋಡುತ್ತಾರೆ.

ಈಗ ನನಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. ಅರಮನೆ ಇಲ್ಲ ಅಂತ ನಾವು ಉತ್ತರ ಕನ್ನಡದವರು ಕೊರಗಬೇಕಾಗಿಲ್ಲ. ಶಿವಮೊಗ್ಗದ ಅರಮನೆಯ ಅಂಗಳದಲ್ಲಿ ಇರುವ ಹಾಗಿನ ಜನ ನಮ್ಮ ಊರುಗಳಲ್ಲೂ ಇದ್ದಾರೆ. ಕೆರೆ ಏರಿಯ ಮೇಲೆ, ಅಡಿಕೆ ತೋಟದ ಮೂಲೆಯಲ್ಲಿ, ಭೂತಪ್ಪನ ಕಟ್ಟೆಯ ಪಕ್ಕದಲ್ಲಿ ವಾಲಿಕೊಂಡು ನಿಂತಿದ್ದಾರೆ. ಬನವಾಸಿಯ ಸುತ್ತ ಇವೆ. ಕರಾವಳಿಯಲ್ಲಿ ಭಟ್ಕಳ ತಾಲೂಕಿನ ಕಾಯ್ಕಿಣಿಯಲ್ಲಿ ಇವೆ. ಕೆಲವಕ್ಕೆ ಊರವರು ದೀಪಾವಳಿಗೆ ಎಣ್ಣೆ ಹಚ್ಚಿ ಹೂ ಇಡುತ್ತಾರೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಕೆಲವು ಹಳ್ಳಕ್ಕೆ ಹಾಸಿದ ಸಂಕದ ಕಲ್ಲಾಗಿ ಮುಖ ಕೆಳಗೆ ಮಾಡಿ ಮಲಗಿವೆ.

ಗಡಿಯ ಆಚೆಗೂ ಈಚೆಗೂ ಯಾಕೆ ಇಷ್ಟು ವ್ಯತ್ಯಾಸ ಅಂತ ಯೋಚಿಸಿದ್ದುಂಟು. ನಮ್ಮ ಪಕ್ಕದ ಸೊರಬ, ಸಾಗರ ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಶುರುವಾಯಿತು. ಬಿ. ಎಲ್. ರೈಸ್ ಮತ್ತು ಅವರ ಜೊತೆಗಾರ ಪಂಡಿತರು ಊರೂರು ಸುತ್ತಿ ಕಲ್ಲುಗಳ ಅಚ್ಚು ತೆಗೆದರು. ಶಿವಮೊಗ್ಗ ಜಿಲ್ಲೆಯ ಶಾಸನಗಳೇ ಎರಡು ದಪ್ಪ ಸಂಪುಟ ಆದವು, 1902 ಮತ್ತು 1904ರಲ್ಲಿ ಪ್ರಕಟವಾದವು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು, 1956ರವರೆಗೆ ಆ ಕಡೆಯೇ ಇತ್ತು. ಸಂಸ್ಥಾನದವರು ಮಾಡಿದ ಹಾಗೆ ಊರು ಊರಿನ ಕಲ್ಲು ಎಣಿಸುವ ಕೆಲಸ ಇಲ್ಲಿ ತಡವಾಗಿ ಬಂತು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಶುರುವಾದ ಮೇಲೆ ಈ ಕಡೆಗೂ ವಿದ್ವಾಂಸರು ತಿರುಗಿದರು. ಒಂದೇ ಕಾಡು, ಒಂದೇ ಮಳೆ, ಒಂದೇ ಮಾತು. ನಡುವೆ ಒಂದು ಆಡಳಿತದ ಗೆರೆ. ಆಚೆಯವರ ಹಿರಿಯರಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು, ಈಚೆಯವರ ಸರದಿ ಹಿಂದೆ ಬಿತ್ತು.

ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಎಷ್ಟಾಗುತ್ತದೆ ಅನ್ನುವುದಕ್ಕೆ ಕೆಳದಿಯೇ ಸಾಕ್ಷಿ. ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಕಡತ, ನಾಣ್ಯಗಳನ್ನು ಸೇರಿಸಿ ಆ ಸಣ್ಣ ಊರಿನಲ್ಲೇ ಒಂದು ಸಂಗ್ರಹಾಲಯ ಕಟ್ಟಿದರು. ಅದಕ್ಕೆ ಅರಮನೆ ಬೇಕಾಗಲಿಲ್ಲ. ವಾಪಸ್ ಬರುವಾಗ ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ಇಳಿದು ಮೇಲಿನ ಗಂಡಭೇರುಂಡವನ್ನು ಮಾಣಿಗೆ ತೋರಿಸಿದೆ. ಅವನಿಗೆ ಹಿಡಿಸಿತು. ಆದರೆ ಬಸ್ಸಿನಲ್ಲಿ ಅವನು ಕೇಳಿದ ಪ್ರಶ್ನೆ ಆ ಬಿಲ್ಲುಗಾರನ ಬಗ್ಗೆ. ಅವನ ಹೆಸರೇನು, ಅವನ ಊರು ಯಾವುದು, ದನ ವಾಪಸ್ ಬಂದವಾ ಅಂತ. ಆ ಕಲ್ಲಿನ ಮೇಲೆ ಹೆಸರು ಬರೆದಿಲ್ಲ ಅಂದೆ. "ಮತ್ತೆ ಯಾರಾದ್ರೂ ನೆನಪಿಟ್ಕಂಡು ಹೇಳವಾಗಿತ್ತು" ಅಂದ.

ಅವನ ಮಾತು ಸರಿ. ಕಲ್ಲಿನ ಮೇಲೆ ಅಕ್ಷರ ಇಲ್ಲದಿದ್ದರೂ ಊರಿನ ಬಾಯಲ್ಲಿ ಕತೆ ಇರುತ್ತದೆ. ಯಾವ ಕಟ್ಟೆಯ ಕಲ್ಲಿಗೆ ಯಾರ ಮನೆಯವರು ಎಣ್ಣೆ ಹಚ್ಚುತ್ತಾರೆ, ಯಾಕೆ ಹಚ್ಚುತ್ತಾರೆ ಅಂತ ಹಿರಿಯರಿಗೆ ಗೊತ್ತಿರುತ್ತದೆ. ಆ ಹಿರಿಯರು ಹೋದರೆ ಅದೂ ಹೋಯಿತು. ಕಲ್ಲಾದರೂ ಮಳೆಗೆ ತಡೆದುಕೊಳ್ಳುತ್ತದೆ, ಮಾತು ತಡೆದುಕೊಳ್ಳುವುದಿಲ್ಲ.

ನಮ್ಮ ಶಾಲೆಗಳು ಪ್ರತಿ ವರ್ಷ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತವೆ. ಹೋಗಲಿ, ನೋಡಲಿ. ಅದರ ಜೊತೆಗೆ ಒಂದು ದಿನ ತಮ್ಮದೇ ಪಂಚಾಯಿತಿಯ ಕಲ್ಲುಗಳನ್ನು ಹುಡುಕಿಸಲಿ. ಎಲ್ಲಿದೆ, ಎಷ್ಟು ಪಟ್ಟಿ ಇದೆ, ಏನು ಕೆತ್ತಿದ್ದಾರೆ, ಅಕ್ಷರ ಇದೆಯಾ, ಊರವರು ಏನು ಹೇಳುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಇದ್ದರೆ ಸವೆದ ಕೆತ್ತನೆಯೂ ಚೆನ್ನಾಗಿ ಕಾಣುತ್ತದೆ. ಸುಣ್ಣ, ಪೇಂಟ್ ಬಳಿಯಬಾರದು. ತಂತಿ ಬ್ರಷ್ ಹಾಕಿ ತಿಕ್ಕಲೇಬಾರದು. ಕಲ್ಲನ್ನು ಕಿತ್ತು ತಂದು ಶಾಲೆಯ ಅಂಗಳದಲ್ಲಿ ನೆಡುವ ಉತ್ಸಾಹವೂ ಬೇಡ. ಅದು ನಿಂತ ಜಾಗವೇ ಅರ್ಧ ಕತೆ. ಬಿದ್ದು ಹೋಗುತ್ತಿದ್ದರೆ, ರಸ್ತೆ ಕೆಲಸಕ್ಕೆ ಸಿಕ್ಕಿ ಹಾಳಾಗುವ ಹಾಗಿದ್ದರೆ ಮಾತ್ರ ಪುರಾತತ್ವ ಇಲಾಖೆಯವರನ್ನು ಕೇಳಿ ಜಾಗ ಬದಲಿಸಬೇಕು.

ನಮ್ಮೂರಿನ ಕೆರೆಯ ಹತ್ತಿರ ಒಂದು ಕಲ್ಲು ಸೊಂಟದವರೆಗೆ ಹೂತು ನಿಂತಿದೆ. ಮೇಲಿನ ಪಟ್ಟಿಯ ಲಿಂಗ ಮತ್ತು ಚಂದ್ರ ಕಾಣುತ್ತವೆ. ಕೆಳಗಿನ ಪಟ್ಟಿ ಮಣ್ಣಿನೊಳಗಿದೆ. ಅವನು ಯಾಕೆ ಸತ್ತ ಅನ್ನುವುದು ಅಲ್ಲೇ ಇರಬೇಕು. ಈ ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಮಾತು ನಡೆಯುತ್ತಿದೆ. ಜೆಸಿಬಿ ಬರುವ ಮೊದಲು ಆ ಕಲ್ಲಿನ ಸುತ್ತ ಕೈಯಿಂದಲೇ ಮಣ್ಣು ತೆಗೆಸಬೇಕು, ಇಲಾಖೆಯವರನ್ನು ಕರೆಸಬೇಕು ಅಂತ ಗ್ರಾಮಸಭೆಯಲ್ಲಿ ಎದ್ದು ಹೇಳುವವನಿದ್ದೇನೆ. ಅರ್ಜಿ ಬರೆದಾಗಿದೆ. ಆಯಿ ಮೊದಲ ಸಹಿ ಹಾಕಿದ್ದಾರೆ.